ಓದದೆ ಸಹಿ ಹಾಕಬೇಡಿ

(ಮುಂಬೈಯ ಕನ್ನಡ ಮಹಿಳೆಯರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಹೆಣ್ಣು ತನ್ನತನ ಉಳಿಸಿಕೊಂಡು ಧೈರ್ಯವಾಗಿ ಬದುಕುವುದು ಹೇಗೆ ಅನ್ನುವುದು ಇವತ್ತಿನ ವಿಷಯ. ಇದರ ಬಗ್ಗೆ ಹುರುಪಿನ ಮಾತುಗಳನ್ನು ನೀವು ಬೇಕಾದಷ್ಟು ಕೇಳಿದ್ದೀರಿ. ಕೇಳುವಾಗ ಹಿತವಾಗಿಯೇ ಇರುತ್ತದೆ. ಮರುದಿನ ಬೆಳಗ್ಗೆ ಎದ್ದು ಏನು ಮಾಡಬೇಕು ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ. ಹಾಗಾಗಿ ನಾನು ಇವತ್ತು ಕಾಗದಪತ್ರಗಳ ಬಗ್ಗೆಯೇ ಹೆಚ್ಚು ಮಾತಾಡುತ್ತೇನೆ.

ಇದೇ ಊರಿನ ಒಂದು ಮೊಕದ್ದಮೆಯಿಂದ ಶುರು ಮಾಡೋಣ. ರಖ್ಮಾಬಾಯಿಯವರಿಗೆ 11ನೇ ವಯಸ್ಸಿನಲ್ಲಿ ಮದುವೆಯಾಯಿತು. ದೊಡ್ಡವರಾದ ಮೇಲೆ ಗಂಡನ ಮನೆಗೆ ಹೋಗಲಾರೆ ಎಂದರು. 1884ರಲ್ಲಿ ಗಂಡ ದಾದಾಜಿ ಭಿಕಾಜಿ ಬಾಂಬೆ ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಒಂದು ತಿಂಗಳೊಳಗೆ ಗಂಡನ ಮನೆಗೆ ಹೋಗು, ಇಲ್ಲವಾದರೆ ಆರು ತಿಂಗಳು ಜೈಲು ಎಂದು 1887ರಲ್ಲಿ ತೀರ್ಪಾಯಿತು. ಜೈಲಿಗೇ ಹೋಗುತ್ತೇನೆ ಎಂದರು ರಖ್ಮಾಬಾಯಿ. ಮರುವರ್ಷ ಎರಡು ಸಾವಿರ ರೂಪಾಯಿಗೆ ರಾಜಿಯಾಯಿತು. ಆಮೇಲೆ ಅವರು ಲಂಡನ್ನಿಗೆ ಹೋಗಿ ವೈದ್ಯಕೀಯ ಓದಿ, ಸೂರತ್, ರಾಜಕೋಟಗಳಲ್ಲಿ ದಶಕಗಳ ಕಾಲ ಡಾಕ್ಟರಾಗಿ ದುಡಿದರು.

ಈ ಕತೆ ಹೇಳುವವರೆಲ್ಲ ಅವರ ಎದೆಗಾರಿಕೆಯನ್ನು ಹೊಗಳುತ್ತಾರೆ. ಹೊಗಳಬೇಕಾದದ್ದೇ. ಅದರ ಜೊತೆಗೆ ಹೇಳಬೇಕಾದ ಎರಡು ಸಂಗತಿಗಳಿವೆ. ಅವರ ತಾಯಿ ಮರುಮದುವೆಯಾದಾಗ ಮೊದಲ ಗಂಡನ ಆಸ್ತಿಯನ್ನು ಮಗಳ ಹೆಸರಿಗೆ ಮಾಡಿದ್ದರು. ಮಲತಂದೆ ಡಾಕ್ಟರ್ ಸಖಾರಾಂ ಅರ್ಜುನ್ ಮಗಳ ಬೆನ್ನಿಗೆ ನಿಂತಿದ್ದರು. ಅಂದರೆ ಇರಲು ಮನೆ ಇತ್ತು, ಸ್ವಂತ ಹೆಸರಿನಲ್ಲಿ ಆಸ್ತಿ ಇತ್ತು. ಅಷ್ಟೇ ಗಟ್ಟಿ ಮನಸ್ಸಿದ್ದೂ ಇವೆರಡೂ ಇಲ್ಲದ ಎಷ್ಟು ಹುಡುಗಿಯರು ಆ ಕಾಲದಲ್ಲಿ ತಲೆ ತಗ್ಗಿಸಿ ಗಂಡನ ಮನೆಗೆ ಹೋದರೋ, ಅವರ ಹೆಸರು ಯಾರಿಗೂ ಗೊತ್ತಿಲ್ಲ. ‘ಆಗುವುದಿಲ್ಲ’ ಎಂದ ಮೇಲೆ ಕಾಲೂರಲು ಜಾಗ ಬೇಕು. ಆ ಜಾಗವನ್ನು ಆ ಮಾತು ಆಡುವ ಮೊದಲೇ ಸಿದ್ಧ ಮಾಡಿಟ್ಟುಕೊಂಡಿರಬೇಕು.

ಮೊದಲು ಹೆಸರು. ಮದುವೆಯಾದ ಮೇಲೆ ಹೆಣ್ಣು ಹೆಸರು ಬದಲಿಸಲೇಬೇಕು ಎನ್ನುವ ಕಾನೂನು ಭಾರತದಲ್ಲಿ ಇಲ್ಲ. ಬದಲಿಸುವುದು ನಿಮ್ಮ ಇಷ್ಟ, ಬಿಡುವುದೂ ನಿಮ್ಮ ಇಷ್ಟ. ಆದರೆ ಅರ್ಧಂಬರ್ಧ ಬದಲಿಸಬೇಡಿ. ಕರಾವಳಿಯವರಿಗೆ ಶೆಟ್ಟಿ, ಪೂಜಾರಿ, ರಾವ್ ಎಂದು ಕೊನೆಯ ಹೆಸರು ಇರುತ್ತದೆ. ಹಳೇ ಮೈಸೂರಿನ ಕಡೆಯಿಂದ ಬಂದವರಿಗೆ ಹೆಸರಿನ ಹಿಂದೆ ಬರೀ ಇನಿಷಿಯಲ್. ಮುಂಬೈಯ ಫಾರಂನಲ್ಲಿ ಮೂರು ಖಾನೆ ತುಂಬಲೇಬೇಕು, ಆಗ ಎದುರಿಗೆ ಕೂತ ಗುಮಾಸ್ತರು ತಮಗೆ ತೋಚಿದಂತೆ ಗಂಡನ ಹೆಸರು ಸೇರಿಸಿಬಿಡುತ್ತಾರೆ. ಹೀಗೆ ಡಿಗ್ರಿ ಸರ್ಟಿಫಿಕೇಟಿನಲ್ಲಿ ಒಂದು, ಪ್ಯಾನಿನಲ್ಲಿ ಇನ್ನೊಂದು, ಆಧಾರಿನಲ್ಲಿ ಮತ್ತೊಂದು ಹೆಸರಾದರೆ ಪಿಎಫ್ ಹಣ ತೆಗೆಯುವಾಗ, ಮನೆ ರಿಜಿಸ್ಟ್ರೇಶನ್ ಆಗುವಾಗ ‘ಇಬ್ಬರೂ ಒಬ್ಬರೇ’ ಎಂದು ಅಫಿಡವಿಟ್ ಹಿಡಿದು ಅಲೆಯಬೇಕು. ಆಧಾರಿನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಸಿಗುವುದು ಎರಡೇ ಅವಕಾಶ. ಯಾವ ಹೆಸರು ಬೇಕೆಂದು ಮೊದಲು ತೀರ್ಮಾನಿಸಿ, ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಪ್ರತಿ ಫಾರಂನಲ್ಲೂ ಅಕ್ಷರಕ್ಕಕ್ಷರ ಅದನ್ನೇ ಬರೆಯಿರಿ.

ಇನ್ನು ಹಣ. ನಿಮ್ಮೊಬ್ಬರ ಹೆಸರಿನಲ್ಲೇ ಒಂದು ಉಳಿತಾಯ ಖಾತೆ ಇರಲಿ. ಗಂಡನ ಜೊತೆ ಜಂಟಿ ಖಾತೆ ಇರುವುದು ಒಳ್ಳೆಯದೇ, ಮನೆ ಖರ್ಚಿಗೆ ಅದು ಬೇಕು. ಆದರೆ ‘ಇಬ್ಬರಲ್ಲಿ ಯಾರಾದರೂ’ ಎಂದು ನಡೆಯುವ ಖಾತೆಯಿಂದ ಯಾರು ಬೇಕಾದರೂ ಇಡೀ ಹಣ ತೆಗೆಯಬಹುದು, ಇನ್ನೊಬ್ಬರ ಒಪ್ಪಿಗೆ ಬೇಕಿಲ್ಲ. ಸ್ವಂತ ಖಾತೆ ಇದ್ದವರೂ ಒಂದು ಕಡೆ ಎಡವುತ್ತಾರೆ: ಖಾತೆಗೆ ಕೊಟ್ಟ ಮೊಬೈಲ್ ನಂಬರು ಗಂಡನದೋ ಮಗನದೋ ಆಗಿರುತ್ತದೆ. ಒಟಿಪಿ ಯಾರ ಫೋನಿಗೆ ಬರುತ್ತದೋ ಖಾತೆಯ ಕೀಲಿಕೈ ಅವರದೇ. ನಾಳೆಯೇ ಬ್ಯಾಂಕಿಗೆ ಹೋಗಿ ನಿಮ್ಮ ಹೆಸರಿನ ಸಿಮ್‌ನ ನಂಬರು ಕೊಡಿ.

ಆ ಖಾತೆಯಲ್ಲಿ ಎಷ್ಟು ಇರಬೇಕು? ನೀವು ಒಬ್ಬರೇ, ಮಕ್ಕಳಿದ್ದರೆ ಮಕ್ಕಳೊಡನೆ, ಆರು ತಿಂಗಳು ಬದುಕಲು ಬೇಕಾದಷ್ಟು. ಬಾಡಿಗೆ, ದಿನಸಿ, ಟ್ರೈನ್ ಪಾಸು, ಸ್ಕೂಲ್ ಫೀಸು, ಔಷಧಿ ಎಲ್ಲ ಸೇರಿಸಿ ತಿಂಗಳಿಗೆ 35,000 ಆಗುವುದಾದರೆ 2,10,000. ಒಂದೇ ಸಲ ಆಗುವುದಿಲ್ಲ. ತಿಂಗಳಿಗೆ 5,000ದಂತೆ ಆರ್‌ಡಿ ಕಟ್ಟಿದರೆ ಮೂರೂವರೆ ವರ್ಷದೊಳಗೆ ಆಗುತ್ತದೆ. ಭಿಷಿಯನ್ನು, ಅಂದರೆ ಪರಿಚಯದವರು ಸೇರಿ ಹಾಕುವ ಚೀಟಿಯನ್ನು, ಈ ಹಣಕ್ಕೆ ನೆಚ್ಚಬೇಡಿ. ಬೇಕಾದ ದಿನ ಕೈಗೆ ಬರುತ್ತದೆ ಎಂಬ ಖಾತ್ರಿ ಇಲ್ಲ. ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರಿಗೆ ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ ವಿಮೆ ಇರುವುದು. ಎಲ್ಲ ಉಳಿತಾಯವನ್ನೂ ಪಕ್ಕದ ಬೀದಿಯ ಕೋ-ಆಪರೇಟಿವ್ ಬ್ಯಾಂಕಿನಲ್ಲಿ ಇಟ್ಟವರು ಇದನ್ನು ನೆನಪಿಡಬೇಕು.

ನಮ್ಮವರಲ್ಲಿ ಹೋಟೆಲು, ಕ್ಯಾಟರಿಂಗ್, ಅಂಗಡಿ ನಡೆಸುವವರು ಬಹಳ. ಲೈಸೆನ್ಸು ಹೆಂಡತಿಯ ಹೆಸರಿನಲ್ಲಿ, ಜಿಎಸ್‌ಟಿ ಹೆಂಡತಿಯ ಹೆಸರಿನಲ್ಲಿ, ಚೆಕ್ ಬುಕ್ಕೂ ಅವರದೇ. ಗಲ್ಲಾದ ಮೇಲೆ ಕೂರುವವರು ಬೇರೆ. ಊರಿಗೆ ಹೋಗುವ ಮೊದಲು ‘ಹತ್ತು ಚೆಕ್ಕಿಗೆ ಸಹಿ ಮಾಡಿಟ್ಟು ಹೋಗು’ ಎನ್ನುತ್ತಾರೆ. ಆ ಚೆಕ್ಕು ಬೌನ್ಸ್ ಆದರೆ ಆರೋಪಿಯಾಗುವುದು ಸಹಿ ಹಾಕಿದ ಖಾತೆದಾರರು. ಬ್ಯಾಂಕಿನಿಂದ ವಾಪಸು ಬಂದ ಸುದ್ದಿ ತಿಳಿದ 30 ದಿನದೊಳಗೆ ಹಣ ಬರಬೇಕಾದವರು ನೋಟಿಸು ಕಳಿಸುತ್ತಾರೆ. ನೋಟಿಸು ಸಿಕ್ಕ 15 ದಿನದೊಳಗೆ ನೀವು ಹಣ ಕೊಡಬೇಕು. ಕೊಡದಿದ್ದರೆ ಮೊಕದ್ದಮೆ, ಎರಡು ವರ್ಷದವರೆಗೆ ಜೈಲು ಅಥವಾ ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಇಲ್ಲವೇ ಎರಡೂ. ನೋಟಿಸು ಹೋಟೆಲಿನ ವಿಳಾಸಕ್ಕೆ ಬಂದು ಅಲ್ಲೇ ಡ್ರಾಯರಿನಲ್ಲಿ ಉಳಿದರೆ ಆ 15 ದಿನ ನಿಮಗೆ ಗೊತ್ತಾಗದೆಯೇ ಕಳೆದುಹೋಗುತ್ತದೆ. ವ್ಯಾಪಾರ ನಿಮ್ಮ ಹೆಸರಿನಲ್ಲಿದ್ದರೆ ನಿಜವಾಗಿ ನೀವೇ ನಡೆಸಿ. ಕಡೇಪಕ್ಷ ತಿಂಗಳಿಗೊಮ್ಮೆ ಪಾಸ್‌ಬುಕ್ಕು, ಜಿಎಸ್‌ಟಿ ರಿಟರ್ನು, ಬಾಕಿ ಪಟ್ಟಿ ಮುಂದಿಟ್ಟುಕೊಂಡು ಕೂತು ನೋಡಿ. ಖಾಲಿ ಚೆಕ್ಕಿಗೆ ಸಹಿ ಯಾರಿಗೂ ಬೇಡ, ಎಷ್ಟೇ ಪ್ರೀತಿಯವರಾದರೂ.

ವ್ಯಾಪಾರದ ಮನೆಯವರಿಗೆ ಇನ್ನೊಂದು ಮಾತು. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆ ಅಂತ ಒಂದಿದೆ. ಗಂಡ ಜೀವ ವಿಮೆ ಮಾಡಿಸುವಾಗ ಈ ಕಾಯ್ದೆಯ ಕೆಳಗೆ ಎಂದು ಫಾರಂನಲ್ಲಿ ಬರೆದರೆ ಆ ಹಣ ಹೆಂಡತಿ ಮಕ್ಕಳಿಗಾಗಿ ಟ್ರಸ್ಟಿನ ರೂಪದಲ್ಲಿ ನಿಲ್ಲುತ್ತದೆ. ವ್ಯಾಪಾರಕ್ಕೆ ಸಾಲ ಕೊಟ್ಟವರು ಅದನ್ನು ಮುಟ್ಟುವಂತಿಲ್ಲ. ಪಾಲಿಸಿ ತೆಗೆಯುವಾಗಲೇ ಇದನ್ನು ಹೇಳಬೇಕು, ಆಮೇಲೆ ಸೇರಿಸಲು ಬರುವುದಿಲ್ಲ. ಏಜೆಂಟರು ತಾವಾಗಿ ಹೇಳುವುದು ಅಪರೂಪ.

ಮುಂಬೈಯಲ್ಲಿ ಮನೆಯ ವಿಷಯ ಬಂದರೆ ಮೂರು ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿ: ನೋಂದಣಿಯಾದ ಅಗ್ರಿಮೆಂಟು, ಇಂಡೆಕ್ಸ್ ಟು (ಆ ನೋಂದಣಿಯ ಸಾರಾಂಶದ ಸರ್ಕಾರಿ ಪ್ರತಿ), ಸೊಸೈಟಿಯ ಶೇರ್ ಸರ್ಟಿಫಿಕೇಟು. ಮೂರರಲ್ಲೂ ನಿಮ್ಮ ಹೆಸರಿದೆಯೇ? ಹೋಮ್ ಲೋನಿನಲ್ಲಿ ಹೆಂಡತಿ ಸಹ-ಸಾಲಗಾರಳು, ಅವಳ ಸಂಬಳ ತೋರಿಸಿಯೇ ಸಾಲ ಮಂಜೂರಾದದ್ದು, ಆದರೆ ಅಗ್ರಿಮೆಂಟಿನಲ್ಲಿ ಅವಳ ಹೆಸರಿಲ್ಲ, ಈ ಸ್ಥಿತಿ ಬಹಳ ಕಡೆ ಇದೆ. ಇದರ ಅರ್ಥ, ಕಂತು ತಪ್ಪಿದರೆ ಇಡೀ ಸಾಲಕ್ಕೆ ಅವಳೂ ಹೊಣೆ, ಮನೆಯಲ್ಲಿ ಪಾಲು ಮಾತ್ರ ಕಾಗದದ ಮೇಲೆ ಇಲ್ಲ. ಸಾಲದ ಫಾರಂಗೆ ಸಹಿ ಹಾಕುವ ಮುನ್ನವೇ ಕೇಳಬೇಕಾದ ಪ್ರಶ್ನೆ ಇದು. ಮಹಾರಾಷ್ಟ್ರದಲ್ಲಿ ಹೆಣ್ಣಿನ ಹೆಸರಿನಲ್ಲಿ ಮನೆ ಕೊಂಡರೆ ಸ್ಟ್ಯಾಂಪ್ ಡ್ಯೂಟಿಯಲ್ಲಿ ಶೇಕಡಾ 1 ರಿಯಾಯಿತಿ ಇದೆ. 80 ಲಕ್ಷದ ಮನೆಗೆ 80,000 ರೂಪಾಯಿ ಉಳಿಯುತ್ತದೆ. ಗಂಡಸರ ಹೆಸರು ಜೊತೆಗೆ ಸೇರಿದರೆ ಆ ರಿಯಾಯಿತಿ ಇಲ್ಲ.

ಒಂಟಿಯಾಗಿ ಬಾಡಿಗೆಗೆ ಇರುವ ತಂಗಿಯರಿಗೆ: 11 ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರು ಮಹಾರಾಷ್ಟ್ರದಲ್ಲಿ ನೋಂದಣಿಯಾಗಲೇಬೇಕು, ನೋಂದಾಯಿಸುವ ಹೊಣೆ ಮನೆ ಮಾಲೀಕರದು. ಬರೀ ನೋಟರಿ ಮಾಡಿಸಿದ ಕಾಗದ ಸಾಲದು. ಡಿಪಾಸಿಟ್ ಎಷ್ಟು, ಖಾಲಿ ಮಾಡಿದ ಎಷ್ಟು ದಿನದಲ್ಲಿ ವಾಪಸು, ಬಿಡಲು ಎಷ್ಟು ದಿನ ಮುಂಚೆ ಹೇಳಬೇಕು, ಈ ಮೂರೂ ಬರಹದಲ್ಲಿರಲಿ. ಡಿಪಾಸಿಟ್ಟನ್ನು ನಗದು ಕೊಡಬೇಡಿ, ಖಾತೆಯಿಂದಲೇ ಕಳಿಸಿ.

ಈಗ ನಾನು ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗಕ್ಕೆ ಬಂದೆ. ಊರಿನ ಆಸ್ತಿ.

ಮೇ ತಿಂಗಳ ರಜೆ. ಅಣ್ಣ ಫೋನು ಮಾಡುತ್ತಾರೆ: ‘ಬರುವಾಗ ಆಧಾರ್ ಕಾರ್ಡೂ ಎರಡು ಫೋಟೋವೂ ತಾ, ಒಂದು ಸಣ್ಣ ಸಹಿ ಇದೆ.’ ನೀವು ಹೋಗುತ್ತೀರಿ. ಮನೆಯಲ್ಲಿ ಮದುವೆಯೋ ಕೋಲವೋ ಇರುತ್ತದೆ, ನೆಂಟರು ತುಂಬಿರುತ್ತಾರೆ. ಮರುದಿನ ಬೆಳಗ್ಗೆ ಕಾರಿನಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಗೆ. ದಸ್ತಾವೇಜು ಬರೆದವರು ಒಂದೊಂದೇ ಪುಟ ತಿರುವಿ, ಬೆರಳಿಟ್ಟು ಸಹಿಯ ಜಾಗ ತೋರಿಸುತ್ತಾರೆ. ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಅದು ಹಕ್ಕು ಬಿಡುಗಡೆ ಪತ್ರ. ‘ಷೆಡ್ಯೂಲು ಸ್ವತ್ತಿನಲ್ಲಿ ನನಗೆ ಇರುವ ಮತ್ತು ಮುಂದೆ ಬರಬಹುದಾದ ಸಕಲ ಹಕ್ಕುಗಳನ್ನು’ ಬಿಟ್ಟಿದ್ದೇನೆ ಎಂಬ ಸಾಲು ಅದರಲ್ಲಿ ಇರುತ್ತದೆ. ನೋಂದಣಿಯಾದ ಮೇಲೆ ಅದನ್ನು ರದ್ದು ಮಾಡಿಸಲು ಮೋಸವಾಯಿತೆಂದು ಸಿವಿಲ್ ಕೋರ್ಟಿನಲ್ಲಿ ಸಾಬೀತು ಮಾಡಬೇಕು, ಗೊತ್ತಾದ ಮೂರು ವರ್ಷದೊಳಗೆ ದಾವೆ ಹೂಡಬೇಕು. ಕಚೇರಿಯಲ್ಲಿ ನಿಮ್ಮದೇ ಫೋಟೋ, ಹೆಬ್ಬೆಟ್ಟು, ಸಹಿ ಎಲ್ಲ ಇರುವಾಗ ಗೊತ್ತಿರಲಿಲ್ಲ ಎಂಬ ಮಾತು ನಿಲ್ಲುವುದು ಕಷ್ಟ.

ಕಾನೂನು ಏನು ಹೇಳುತ್ತದೆ? 2005ರ ಸೆಪ್ಟೆಂಬರ್ 9ರಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಅಪ್ಪ ಆ ದಿನ ಬದುಕಿದ್ದರೋ ಇಲ್ಲವೋ ಎಂಬ ಗೊಂದಲ ಬಹಳ ಕಾಲ ಇತ್ತು. 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಬಿಡಿಸಿತು: ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ಅಪ್ಪ ಬದುಕಿರಬೇಕಾಗಿಲ್ಲ. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಣಿಯಾದ ವಿಭಾಗ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಪಾಲಾಗಿದ್ದರೆ ಅದು ಹಾಗೇ ಉಳಿಯುತ್ತದೆ. ಅಪ್ಪ ಸ್ವಂತ ದುಡಿದು ಮಾಡಿದ ಆಸ್ತಿಯನ್ನು ಉಯಿಲಿನಲ್ಲಿ ಯಾರಿಗೆ ಬೇಕಾದರೂ ಬರೆಯಬಹುದು. ಉಯಿಲು ಇಲ್ಲದಿದ್ದರೆ ಹೆಂಡತಿ, ತಾಯಿ, ಗಂಡು ಮಕ್ಕಳು, ಹೆಣ್ಣು ಮಕ್ಕಳು ಎಲ್ಲರಿಗೂ ಸಮಪಾಲು. ಮದುವೆಗೆ ಖರ್ಚು ಮಾಡಿದ್ದೇವೆ, ಚಿನ್ನ ಹಾಕಿದ್ದೇವೆ ಎಂಬ ಕಾರಣಕ್ಕೆ ಪಾಲು ಹೋಗುವುದಿಲ್ಲ. ಹೆಣ್ಣಿನ ಕಡೆಯಿಂದ ಆಸ್ತಿ ಇಳಿದು ಬರುವ ಅಳಿಯಸಂತಾನದ ಮನೆತನದವರು ಹಳೆಯ ಕವರು (ಕುಟುಂಬದ ಕವಲು) ಪಾಲಿನ ಪತ್ರಗಳನ್ನು ತೆಗೆಸಿ, ಊರಿನ ವಕೀಲರಿಗೇ ತೋರಿಸಿ. ಮುಂಬೈಯ ವಕೀಲರಿಗೆ ಆ ಪದ್ಧತಿ ಗೊತ್ತಿರುವುದು ಕಡಿಮೆ. ಕ್ರೈಸ್ತ, ಮುಸ್ಲಿಂ ಅಕ್ಕಂದಿರಿಗೆ ಉತ್ತರಾಧಿಕಾರದ ನಿಯಮ ಬೇರೆ. ಓದದೆ ಸಹಿ ಹಾಕಬಾರದು ಅನ್ನುವುದು ಎಲ್ಲರಿಗೂ ಒಂದೇ.

ಹಾಗಾದರೆ ಫೋನು ಬಂದಾಗ ಏನು ಮಾಡಬೇಕು? ಜಗಳ ಬೇಡ. ‘ಸರಿ ಅಣ್ಣ, ಕಾಗದದ ಕರಡನ್ನು ವಾಟ್ಸಾಪಿನಲ್ಲಿ ಕಳಿಸು. ಓದಿ, ಒಬ್ಬರಿಗೆ ತೋರಿಸಿ, ಹದಿನೈದು ದಿನದಲ್ಲಿ ಹೇಳುತ್ತೇನೆ.’ ಇಷ್ಟೇ ಮಾತು, ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಕರಡು ಬಂದ ಮೇಲೆ ಮೊದಲು ಕೊನೆಯ ಪುಟದ ಷೆಡ್ಯೂಲು ನೋಡಿ. ಸರ್ವೆ ನಂಬರು, ಹಿಸ್ಸಾ, ಎಕರೆ ಸೆಂಟ್ಸು, ಚಕ್ಕುಬಂದಿ ಅಲ್ಲಿರುತ್ತವೆ. ಆ ಸರ್ವೆ ನಂಬರು ಹಾಕಿ ಕರ್ನಾಟಕ ಸರ್ಕಾರದ ‘ಭೂಮಿ’ ವೆಬ್‌ಸೈಟಿನಲ್ಲಿ ಪಹಣಿ ತೆಗೆಯಿರಿ. ಮುಂಬೈಯಲ್ಲಿ ಕೂತೇ ಇದು ಆಗುತ್ತದೆ. 9ನೇ ಕಾಲಂನಲ್ಲಿ ಯಾರ ಹೆಸರಿದೆ, 10ರಲ್ಲಿ ಅದು ಹೇಗೆ ಬಂತು, 11ರಲ್ಲಿ ಸಾಲ ಏನಾದರೂ ಇದೆಯೇ ನೋಡಿ. ನೋಂದಣಿ ಇಲಾಖೆಯ ‘ಕಾವೇರಿ’ ಪೋರ್ಟಲಿನಲ್ಲಿ ಋಣಭಾರ ಪತ್ರಕ್ಕೆ ಅರ್ಜಿ ಹಾಕಿದರೆ ಆ ಜಾಗದ ಮೇಲೆ ಆದ ನೋಂದಣಿಗಳು ಗೊತ್ತಾಗುತ್ತವೆ. ಪಹಣಿಯಲ್ಲಿ ನಿಮ್ಮ ಹೆಸರಿಲ್ಲ ಎಂದು ಎದೆಗುಂದಬೇಡಿ. ಪಹಣಿ ಕಂದಾಯದ ದಾಖಲೆ, ಅದರಿಂದಲೇ ಹಕ್ಕು ಹುಟ್ಟುವುದೂ ಇಲ್ಲ, ಹೋಗುವುದೂ ಇಲ್ಲ.

ವಂಶವೃಕ್ಷವನ್ನು ಮಾತ್ರ ಕಣ್ಣಿಟ್ಟು ನೋಡಿ. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸುವಾಗ ವಂಶವೃಕ್ಷ ಕೊಡಬೇಕು. ಅದರಲ್ಲಿ ಗಂಡು ಮಕ್ಕಳ ಹೆಸರು ಬರೆದು, ಮದುವೆಯಾಗಿ ಮುಂಬೈಗೆ ಹೋದ ಹೆಣ್ಣು ಮಕ್ಕಳನ್ನು ಬಿಟ್ಟುಬಿಡುತ್ತಾರೆ. ಎಷ್ಟೋ ಸಲ ಕೆಟ್ಟ ಉದ್ದೇಶವೂ ಇರುವುದಿಲ್ಲ, ‘ಅವಳಿಗೇಕೆ ತೊಂದರೆ’ ಎಂದು. ಅಲ್ಲಿ ತಪ್ಪಿದ ಹೆಸರು ಮುಂದಿನ ಪ್ರತಿ ದಾಖಲೆಯಲ್ಲೂ ತಪ್ಪುತ್ತದೆ. ಅಮ್ಮನೂ ನೀವೂ ಸೇರಿ ಎಲ್ಲರ ಹೆಸರೂ ಅದರಲ್ಲಿ ಬರಲಿ.

ಪಾಲು ಬೇಡ, ಪ್ರೀತಿಯಿಂದ ಅಣ್ಣನಿಗೇ ಬಿಡುತ್ತೇನೆ ಅನ್ನುವವರೂ ಇದ್ದೀರಿ. ಅಮ್ಮನನ್ನು ನೋಡಿಕೊಂಡವರು ಅವರೇ, ತೋಟ ಉಳಿಸಿದವರು ಅವರೇ. ಅದು ನಿಮ್ಮ ದೊಡ್ಡ ಮನಸ್ಸು, ಖಂಡಿತ ಬಿಡಿ. ಎಷ್ಟು ಜಾಗ, ಏನು ಬೆಲೆ, ನನ್ನ ಪಾಲೆಷ್ಟು ಎಂದು ತಿಳಿದ ಮೇಲೆ ಬಿಡಿ. ಯಾವ ಸರ್ವೆ ನಂಬರಿನದು ಬಿಡುತ್ತೀರೋ ಅಷ್ಟನ್ನೇ ಪತ್ರದಲ್ಲಿ ಬರೆಸಿ, ‘ಮುಂದೆ ಬರಬಹುದಾದ ಸಕಲ’ ಎಂಬ ಸಾಲನ್ನು ತೆಗೆಸಿ. ನಿಮಗೆ ಹಣ ಸಂದಾಯವಾಗಿದೆ ಎಂದು ಬರೆದಿದ್ದರೆ ಆ ಹಣ ನಿಜಕ್ಕೂ ಖಾತೆಗೆ ಬಂದಿರಬೇಕು. ಜನರಲ್ ಪವರ್ ಆಫ್ ಅಟಾರ್ನಿ ಮಾತ್ರ ಕೊಡಬೇಡಿ, ಅದರಿಂದ ನಿಮಗೆ ಗೊತ್ತಿಲ್ಲದೆಯೇ ಮಾರಾಟವೂ ಆಗಬಹುದು.

ಉಯಿಲಿನ ಮಾತು ಎತ್ತಿದರೆ ನಮ್ಮಲ್ಲಿ ‘ಬಿಡ್ತು ಅನ್ನಿ’ ಎನ್ನುತ್ತಾರೆ. ಆದರೂ ಹೇಳುತ್ತೇನೆ. ನಾರಾಯಣಿ ದೇವಿ ಎಂಬ ಹೆಣ್ಣುಮಗಳು 1955ರಲ್ಲಿ ಮದುವೆಯಾದ ಮೂರೇ ತಿಂಗಳಲ್ಲಿ ವಿಧವೆಯಾದರು. ಗಂಡನ ಮನೆಯವರು ಹೊರಹಾಕಿದರು. ತವರಿನವರು ಓದಿಸಿದರು, ಕೆಲಸಕ್ಕೆ ಸೇರಿದರು, ದುಡಿದು ಬ್ಯಾಂಕಿನಲ್ಲಿ, ಪಿಎಫಿನಲ್ಲಿ ದೊಡ್ಡ ಮೊತ್ತ ಉಳಿಸಿದರು. 1996ರಲ್ಲಿ ಉಯಿಲು ಬರೆಯದೆ ತೀರಿಕೊಂಡರು. 2009ರಲ್ಲಿ ಸುಪ್ರೀಂ ಕೋರ್ಟು ಆ ಹಣವನ್ನು ಯಾರಿಗೆ ಕೊಟ್ಟಿತು ಗೊತ್ತೇ? ಗಂಡನ ಅಕ್ಕತಂಗಿಯ ಮಕ್ಕಳಿಗೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಂ ಹಾಗಿದೆ. ಹೆಣ್ಣು ಸ್ವಂತ ದುಡಿದದ್ದು, ಮಕ್ಕಳೂ ಗಂಡನೂ ಇಲ್ಲದಿದ್ದರೆ, ಮೊದಲು ಗಂಡನ ವಾರಸುದಾರರಿಗೆ ಹೋಗುತ್ತದೆ. ಅವಳ ತಂದೆತಾಯಿಯ ಸರದಿ ಆಮೇಲೆ. ಈ ಕ್ರಮ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಕಾನೂನು ಬದಲಾಗುವವರೆಗೆ ನಮ್ಮ ಕೈಯಲ್ಲಿರುವುದು ಒಂದು ಹಾಳೆ ಕಾಗದ.

ನಾಮಿನಿ ಹಾಕಿದ್ದೇವಲ್ಲ ಎಂದು ಕೂರಬೇಡಿ. ಬ್ಯಾಂಕಿನ ಹಣಕ್ಕೆ ನಾಮಿನಿ ಅದನ್ನು ಪಡೆದುಕೊಳ್ಳುವವರು ಮಾತ್ರ, ಕೊನೆಗೆ ಅದು ವಾರಸುದಾರರಿಗೇ ಸೇರಬೇಕು. ಇನ್ನೊಂದು, ಮದುವೆಗೆ ಮೊದಲು ಪಿಎಫಿಗೆ ಹಾಕಿದ ನಾಮಿನೇಶನ್ ಮದುವೆಯಾದ ಕೂಡಲೇ ಅಸಿಂಧುವಾಗುತ್ತದೆ. ಹೊಸದಾಗಿ ಹಾಕಬೇಕು.

ಕೆಲಸದ ಜಾಗದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವಲ್ಲಿ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ಅಷ್ಟು ಜನ ಇಲ್ಲದ ಕಡೆ, ಮನೆಗೆಲಸ ಮಾಡುವವರಿಗೆ ಕೂಡ, ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ದೂರು ಬರಹದಲ್ಲಿ, ಮೂರು ತಿಂಗಳೊಳಗೆ. ಅದೇ ದಿನ ರಾತ್ರಿ ನಡೆದದ್ದನ್ನು ತಾರೀಕು, ಹೊತ್ತು, ಜಾಗ ಸಮೇತ ನಿಮ್ಮ ಸ್ವಂತ ಇಮೇಲಿಗೆ ಬರೆದು ಕಳಿಸಿಕೊಳ್ಳಿ. ಆಫೀಸಿನ ಇಮೇಲು ಕೆಲಸ ಬಿಟ್ಟ ದಿನ ಬಂದಾಗುತ್ತದೆ. ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಹಿಂಜರಿಯಬೇಡಿ: ಆದಾಯ ಎಷ್ಟೇ ಇರಲಿ, ಎಲ್ಲ ಹೆಣ್ಣುಮಕ್ಕಳಿಗೂ ಉಚಿತ ಕಾನೂನು ನೆರವಿನ ಹಕ್ಕಿದೆ, ನಂಬರು 15100. ಅಪಾಯ ಎದುರಿಗೇ ಇದ್ದರೆ 112.

ಕಾಗದ ಎಲ್ಲ ಸರಿ ಇದ್ದೂ ತನ್ನತನಕ್ಕೆ ಜಾಗ ಸಿಗದಿರುವುದು ಹೊತ್ತಿನ ಕಾರಣಕ್ಕೆ. 2024ರ ಕೇಂದ್ರ ಸರ್ಕಾರದ ಸಮೀಕ್ಷೆಯಂತೆ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ಅದಕ್ಕೆ ಕೊಡುತ್ತಾರೆ. ಹಾಡು, ಓದು, ಈಜು, ಸ್ನೇಹಿತೆಯರು, ಏನೇ ಇರಲಿ, ವಾರದಲ್ಲಿ ಒಂದು ನಿಗದಿತ ದಿನ ಎರಡು ಗಂಟೆ ಇಟ್ಟುಕೊಳ್ಳಿ, ಮತ್ತು ಆ ಹೊತ್ತು ಮನೆಯಿಂದ ಹೊರಗಿರಿ. ಮನೆಯೊಳಗೇ ಇದ್ದರೆ ಉಪ್ಪಿನ ಡಬ್ಬ ಎಲ್ಲಿ ಎಂದು ಕೇಳಲು ಯಾರಾದರೂ ಬರುತ್ತಾರೆ. ಮನೆಯವರಿಗೆ ‘ಸ್ವಲ್ಪ ಸಹಾಯ ಮಾಡಿ’ ಎನ್ನುವ ಬದಲು ಇಡೀ ಕೆಲಸ ಒಪ್ಪಿಸಿ: ಶನಿವಾರ ರಾತ್ರಿಯ ಊಟ ನಿಮ್ಮದು, ತರಕಾರಿ ತರುವುದರಿಂದ ಕಟ್ಟೆ ಒರೆಸುವವರೆಗೆ. ಇದು ಮುರಿದು ಬೀಳುವುದು ಒಂದೇ ಕಾರಣಕ್ಕೆ. ಸಾರು ನೀರಾಯಿತೆಂದು ನೀವು ಮತ್ತೆ ಒಲೆ ಹಚ್ಚುತ್ತೀರಿ. ಆ ದಿನ ನೀರು ಸಾರೇ ಊಟ ಮಾಡಿ.

ಕೊನೆಗೆ ಸಭೆಯಿಂದ ಬಂದ ಎರಡು ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತಿದ್ದೇವೆ.

‘ಹೀಗೆಲ್ಲ ಕಾಗದ ಕೇಳಿದರೆ ಮನೆಯಲ್ಲಿ ನಂಬಿಕೆ ಇಲ್ಲ ಎಂದುಕೊಳ್ಳುವುದಿಲ್ಲವೇ?’ ಕೆಲವರು ಅಂದುಕೊಳ್ಳುತ್ತಾರೆ. ಅದಕ್ಕಾಗಿಯೇ ಜಗಳ ಇಲ್ಲದ ದಿನ ಕೇಳಬೇಕು, ನಿಮ್ಮ ಕಾಗದಗಳನ್ನೂ ಅವರಿಗೆ ತೋರಿಸಬೇಕು. ಗಂಡ ಹೆಂಡತಿ ಇಬ್ಬರೂ ಕೂತು ಯಾವ ಪಾಲಿಸಿ ಎಲ್ಲಿದೆ, ಯಾವ ಸಾಲ ಎಷ್ಟಿದೆ ಎಂದು ಒಂದು ಹಾಳೆಯಲ್ಲಿ ಬರೆದರೆ ಇಬ್ಬರಿಗೂ ಒಳ್ಳೆಯದು. ಆ ಹಾಳೆ ತೋರಿಸಲು ಯಾರಾದರೂ ಪೂರ್ತಿ ನಿರಾಕರಿಸಿದರೆ, ಅದು ನೀವು ತಿಳಿದಿರಬೇಕಾದ ವಿಷಯವೇ.

‘ನಮ್ಮ ಅತ್ತೆಗೆ 78. ಸಹಿ ಮಾಡುವಾಗ ಕೈ ನಡುಗುತ್ತದೆ. ತಮ್ಮ ಚಿನ್ನವನ್ನು ಮೊಮ್ಮಗಳಿಗೆ ಬರೆಯಬೇಕೆನ್ನುತ್ತಾರೆ, ಆಗುತ್ತದೆಯೇ?’ ಧಾರಾಳವಾಗಿ ಆಗುತ್ತದೆ. ಚಿನ್ನ ಅವರ ಸ್ತ್ರೀಧನ, ಅವರಿಗೇ ಪೂರ್ಣ ಹಕ್ಕು. ಉಯಿಲಿಗೆ ಸ್ಟ್ಯಾಂಪ್ ಪೇಪರು ಬೇಡ, ಬಿಳಿ ಹಾಳೆ ಸಾಕು. ಅವರಿಗೆ ಬರುವ ಭಾಷೆಯಲ್ಲೇ, ಕನ್ನಡದಲ್ಲೇ ಬರೆಯಬಹುದು. ಒಡವೆಗಳನ್ನು ಒಂದೊಂದಾಗಿ ತೂಕದ ಜೊತೆ ಬರೆಯಿರಿ, ‘ನನ್ನ ಎಲ್ಲ ಚಿನ್ನ’ ಎಂದಷ್ಟೇ ಬರೆದರೆ ಆಮೇಲೆ ಲಾಕರಿನ ಮುಂದೆ ಜಗಳ. ಸಹಿ ಆಗದಿದ್ದರೆ ಹೆಬ್ಬೆಟ್ಟು. ಇಬ್ಬರು ಸಾಕ್ಷಿಗಳು ಅವರು ಸಹಿ ಹಾಕುವುದನ್ನು ಕಣ್ಣಾರೆ ನೋಡಿ, ಅವರೆದುರೇ ತಾವೂ ಸಹಿ ಹಾಕಬೇಕು. ಸಾಕ್ಷಿಗಳು ಅತ್ತೆಗಿಂತ ಚಿಕ್ಕವರಿರಲಿ, ಚಿನ್ನ ಪಡೆಯುವ ಮೊಮ್ಮಗಳು ಸಾಕ್ಷಿಯಾಗುವುದು ಬೇಡ. ಅವರನ್ನು ನೋಡುವ ಡಾಕ್ಟರಿಂದ ಬುದ್ಧಿ ಸ್ವಾಧೀನದಲ್ಲಿದೆ ಎಂದು ಅದೇ ದಿನದ ತಾರೀಕು ಹಾಕಿದ ಒಂದು ಚೀಟಿ ತೆಗೆದುಕೊಂಡು ಜೊತೆಗೆ ಪಿನ್ ಮಾಡಿ. ನೋಂದಣಿ ಕಡ್ಡಾಯವಲ್ಲ, ಆದರೆ ಮಕ್ಕಳಲ್ಲಿ ಭಿನ್ನಾಭಿಪ್ರಾಯ ಇದ್ದರೆ ಮಾಡಿಸಿಬಿಡಿ. ಮನಸ್ಸು ಬದಲಾದರೆ ಅತ್ತೆ ಇನ್ನೊಂದು ಉಯಿಲು ಬರೆಯಬಹುದು. ತಾರೀಕಿನಲ್ಲಿ ಕೊನೆಯದು ಯಾವುದೋ ಅದೇ ನಡೆಯುತ್ತದೆ.